ಹೊರಗೊಂದು ಮುಖ, ಒಳಗೊಂದು ಮುಖ: ಜುಲೈ ಮಳೆಯಲ್ಲಿ ಮುಖವಾಡದ ಕಮ್ಮಟ ಮಾಡುವುದು ಹೇಗೆ?

ಡೊಂಬಿವಲಿ_ಬಳಗ

ನಮ್ಮ ಕನ್ನಡ ಬಳಗದ ಮಹಿಳಾ ವಿಭಾಗದಿಂದ ಜುಲೈ ಎರಡನೇ ಭಾನುವಾರ ಒಂದು ಕಮ್ಮಟ ಇಟ್ಟುಕೊಂಡಿದ್ದೇವೆ. 16 ಜನ, ವಯಸ್ಸು 30ರಿಂದ 72. ವಿಷಯ 'ನನ್ನನ್ನು ನಾನು ನೋಡಿಕೊಳ್ಳುವುದು'. ಭಾಷಣ ಬೇಡ, ಧ್ಯಾನ ಶಿಬಿರವೂ ಬೇಡ. ಕೈಕೆಲಸ ಮಾಡುತ್ತ ಮಾಡುತ್ತಲೇ ತಮ್ಮ ಬಗ್ಗೆ ಏನಾದರೂ ಹೊಳೆಯಬೇಕು ಅನ್ನುವುದು ನಮ್ಮ ಆಸೆ. ಮುಖದ ಮೇಲೆ ಪ್ಲಾಸ್ಟರ್ ಹಾಕಿ ಮುಖವಾಡ ತೆಗೆದು, ಹೊರಗಡೆ 'ಜನ ಕಾಣುವ ನಾನು', ಒಳಗಡೆ 'ನನಗೆ ಗೊತ್ತಿರುವ ನಾನು' ಎಂದು ಬಣ್ಣ ಹಚ್ಚುವ ಕ್ರಮ ಇದೆಯಲ್ಲ, ಅದನ್ನು ಮಾಡಿಸೋಣ ಎಂದು ಯೋಚನೆ.

ಸಭಾಂಗಣ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಸಿಗುತ್ತದೆ. ನಾಲ್ಕು ಸೀಲಿಂಗ್ ಫ್ಯಾನು, ಒಂದೇ ಸಿಂಕು, ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಪ್ರಶ್ನೆಗಳು ಇಷ್ಟು. ಒಂದೇ ದಿನದಲ್ಲಿ ಎರಕ ತೆಗೆದು ಬಣ್ಣವನ್ನೂ ಮುಗಿಸಲು ಆಗುತ್ತದೆಯೇ? ಸಾಮಾನು ಎಷ್ಟು ತರಬೇಕು? ಎಲ್ಲಿ ಕೆಡುತ್ತದೆ? ಇದಕ್ಕಿಂತ ಮಣ್ಣಿನ ಕೆಲಸ ಒಳ್ಳೆಯದೇ? ಕೊನೆಯದು, ನನಗೆ ಹೆಚ್ಚು ಭಯ ಇರುವುದು: ಬಂದವರೆಲ್ಲ ಒಬ್ಬರಿಗೊಬ್ಬರು ಪರಿಚಯದವರು, ಕೆಲವರು ನೆಂಟರು. ಮಾತು ಹೇಗೆ ನಡೆಸಿದರೆ ಯಾರಿಗೂ ಮುಜುಗರ ಆಗುವುದಿಲ್ಲ?

ಬಣ್ಣದ_ವೇಷ (ಕಾಂದಿವಲಿ)

ಮೊದಲು ಕೆಟ್ಟ ಸುದ್ದಿ: ಒಂದೇ ದಿನದಲ್ಲಿ ಆಗುವುದಿಲ್ಲ ಮಾರಾಯ್ರೇ, ಜುಲೈಯಲ್ಲಂತೂ ಇಲ್ಲ. ಪ್ಲಾಸ್ಟರ್ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ನೀರಿನೊಂದಿಗೆ ಕೂಡಿಕೊಂಡು ಅದು ಹತ್ತು ನಿಮಿಷದಲ್ಲಿ ಗಟ್ಟಿಯಾಗ್ತದೆ. ಆದರೆ ಬ್ಯಾಂಡೇಜು ಕುಡಿದ ಹೆಚ್ಚುವರಿ ನೀರು ಗಾಳಿಗೇ ಹೋಗಬೇಕು. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಮೊದಲೇ ಅಷ್ಟು ಪಸೆ ಉಂಟು, ಅದು ಇನ್ನು ಎಲ್ಲಿ ಕುಡಿದೀತು? ಫ್ಯಾನಿನಡಿ ಇಟ್ಟರೂ ಎರಡು ಮೂರು ದಿನ ಬೇಕು. ಹಸಿ ಮುಖವಾಡದ ಮೇಲೆ ಫೆವಿಕಾಲ್ ಬಳಿದು ಬಣ್ಣ ಹಚ್ಚಿದರೆ ಪಸೆ ಒಳಗೇ ಸಿಕ್ಕಿಬೀಳ್ತದೆ. ವಾರದೊಳಗೆ ಕಪ್ಪು ಚುಕ್ಕೆಯ ಬೂಷ್ಟು ಬಂದು ಬಣ್ಣ ಪದರ ಪದರ ಏಳ್ತದೆ. ಹಾಗಾಗಿ ಎರಡು ಭಾನುವಾರ ಮಾಡಿ. ಮೊದಲನೆಯದಕ್ಕೆ ಎರಕ, ಮೂರು ತಾಸು ಸಾಕು. ಎರಡನೆಯದಕ್ಕೆ ಬಣ್ಣ ಮತ್ತು ಮಾತು.

ಸಾಮಾನು. ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್ ಬ್ಯಾಂಡೇಜೇ ಬೇಕಾದ್ದು, ಬಿಡಿ ಪುಡಿ ಅಲ್ಲ. 10 ಸೆಂ.ಮೀ. ಅಗಲ, 2.7 ಮೀಟರ್ ಉದ್ದದ ಸುರುಳಿ ಒಬ್ಬರಿಗೆ ಒಂದು. ಲೆಕ್ಕ ಹೀಗೆ: ಒಂದು ಮುಖಕ್ಕೆ ಉಬ್ಬುತಗ್ಗು ಸೇರಿ ಸುಮಾರು 600 ಚದರ ಸೆಂ.ಮೀ., ಮೂರು ಪದರಕ್ಕೆ 1800, ಅಂಚು ಮತ್ತು ಮೂಗಿಗೆ ಇನ್ನೊಂದು ಪದರ, ಸ್ವಲ್ಪ ಹಾಳು. ಸುರುಳಿಯಲ್ಲಿ ಇರುವುದು 2700. ನೀವು 20 ತನ್ನಿ. ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಗಳಲ್ಲಿ ಡಜನ್ನಿನ ಲೆಕ್ಕದಲ್ಲಿ ಕೊಳ್ಳಬಹುದು. ವ್ಯಾಸಲೀನ್ ತಲಾ 20 ಗ್ರಾಂ ಹಿಡಿದರೆ 320, ಹೆಚ್ಚಿಗೆ ಇರಲಿ ಅಂತ ಒಟ್ಟು 400 ಗ್ರಾಂ ಸುಗಂಧ ಇಲ್ಲದ್ದು. ಜೋಡಿಗೊಂದು ಬೋಗುಣಿ, ಒಂದು ಕತ್ತರಿ. ತಲೆಗೆ ಶವರ್ ಕ್ಯಾಪು, ತಲಾ ಎರಡು ಹಳೆ ಟವೆಲು.

ಬ್ಯಾಂಡೇಜನ್ನು ಹಿಂದಿನ ದಿನವೇ ಒಣಗೈಯಲ್ಲಿ ಕತ್ತರಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಹೆಚ್ಚಿನವು 3 ಸೆಂ.ಮೀ. ಅಗಲ 10 ಸೆಂ.ಮೀ. ಉದ್ದ, ಮೂಗಿನ ಸುತ್ತಕ್ಕೆ 1 ಸೆಂ.ಮೀ. ಅಗಲ 4 ಸೆಂ.ಮೀ. ಉದ್ದದ ಹತ್ತು ತುಂಡು. ಸಭಾಂಗಣದಲ್ಲಿ ಕತ್ತರಿಸಲು ಕೂತರೆ ಹೊತ್ತೂ ಹೋಗ್ತದೆ, ಧೂಳೂ ಏಳ್ತದೆ. ಡಬ್ಬಿಯ ಮುಚ್ಚಳ ಸಡಿಲ ಇದ್ದರೆ ಮಳೆಗಾಲದ ಹವೆಗೇ ಬ್ಯಾಂಡೇಜು ಕೆಟ್ಟು, ಆಮೇಲೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಇನ್ನು ಕ್ರಮ. ಕೂತವರು ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಮೂಗುತಿ, ಓಲೆ ಎಲ್ಲ ತೆಗೆದಿಡಬೇಕು. ಪೂರ್ತಿ ಮಲಗಿಸಬೇಡಿ. ಮಲಗಿದರೆ ಕೆನ್ನೆಯ ಮಾಂಸ ಕಿವಿಯ ಕಡೆ ಜಾರಿ ಮುಖ ಅಗಲವಾಗಿ ಬರ್ತದೆ, ಕೊನೆಗೆ 'ಇದು ನಾನಲ್ಲ' ಅಂತ ತಕರಾರು. ಕುರ್ಚಿಯಲ್ಲಿ ದಿಂಬು ಕೊಟ್ಟು ಒರಗಿಸಿ. ಹುಬ್ಬು, ರೆಪ್ಪೆ, ಕೂದಲಿನ ಅಂಚು, ಮೀಸೆಗೆ ವ್ಯಾಸಲೀನ್ ಮೆತ್ತಗೆ ದಪ್ಪವಾಗಿ ಹಚ್ಚಿ, ಉಳಿದ ಕಡೆ ತೆಳ್ಳಗೆ ಸಾಕು. ಹುಬ್ಬಿನ ಕೂದಲು ಚರ್ಮಕ್ಕೆ ಅಂಟಿ ಮಲಗುವಷ್ಟು ಇರಬೇಕು. ಇಲ್ಲದಿದ್ದರೆ ಮುಖವಾಡದ ಜೊತೆ ಹುಬ್ಬೂ ಬಂದೀತು.

ನೀರು ಉಗುರುಬೆಚ್ಚಗೂ ಬೇಡ, ನಲ್ಲಿಯ ನೀರೇ ಸರಿ. ಬಿಸಿನೀರು ಹಾಕಿದಷ್ಟೂ ಪ್ಲಾಸ್ಟರ್ ಬೇಗ ಗಟ್ಟಿಯಾಗ್ತದೆ, ಬೇಗ ಗಟ್ಟಿಯಾದಷ್ಟೂ ಹೆಚ್ಚು ಕಾಯ್ತದೆ. ಒಬ್ಬರದು ಮುಗಿದ ಮೇಲೆ ಬೋಗುಣಿಯ ನೀರು ಬದಲಿಸಲೇಬೇಕು. ಹಳೆ ನೀರಿನಲ್ಲಿ ಉಳಿದ ಪ್ಲಾಸ್ಟರ್ ಕಣಗಳೂ ಇದೇ ಕೆಲಸ ಮಾಡ್ತವೆ. ತುಂಡನ್ನು ಅದ್ದಿ, ಎರಡು ಬೆರಳಲ್ಲಿ ಹಿಂಡಿ, ಹಣೆಯಿಂದ ಶುರುಮಾಡಿ, ಆಮೇಲೆ ಕೆನ್ನೆ, ಗದ್ದ, ಕೊನೆಗೆ ಮೂಗು. ಪ್ರತಿ ತುಂಡು ಹಿಂದಿನದರ ಅರ್ಧದ ಮೇಲೆ ಕೂರಬೇಕು. ಬೆರಳಿಂದ ಉಜ್ಜಿ ಬಲೆಯ ತೂತು ಮುಚ್ಚಿಸಿ. ಮೂರು ಪದರ, ಅಂಚಿಗೆ ನಾಲ್ಕು. ಐದಕ್ಕಿಂತ ಹೆಚ್ಚು ಬೇಡವೇ ಬೇಡ, ದಪ್ಪ ಆದರೆ ಕಾವು ಒಳಗೇ ನಿಂತು ಚರ್ಮ ಸುಟ್ಟೀತು. ಹಿತವಾದ ಬಿಸಿ ಸಹಜ. ಉರಿ ಅಂದ ಕೂಡಲೇ ತೆಗೆಯಿರಿ, ಮುಖವಾಡ ಹೋದರೆ ಹೋಗಲಿ.

ಮೂಗಿನ ಹೊಳ್ಳೆಯ ಸುತ್ತ ಅರ್ಧ ಸೆಂ.ಮೀ. ಜಾಗ ಬಿಡಿ. ಮೂಗಿಗೆ ಸ್ಟ್ರಾ ಸಿಕ್ಕಿಸುವ ಬುದ್ಧಿವಂತಿಕೆ ಬೇಡ, ಯಾರದ್ದಾದರೂ ಕೈ ತಾಗಿದರೆ ಅದು ಒಳಗೆ ಚುಚ್ಚುತ್ತದೆ. ಕಣ್ಣಿನ ಜಾಗವನ್ನು ಎಲ್ಲರಿಗೂ ತೆರೆದೇ ಬಿಡಿ. ಬೇಕಾದವರು ಎರಡನೇ ವಾರ ಕಾಗದ ಅಂಟಿಸಿ ಮುಚ್ಚಿಕೊಳ್ಳಲಿ. ನೆಗಡಿ ಇದ್ದವರಿಗೆ ಆ ದಿನ ಮುಖದ ಮೇಲೆ ಹಾಕಲೇಬೇಡಿ. ಮಾತಾಡಲು ಆಗುವುದಿಲ್ಲವಾದ್ದರಿಂದ ಮೊದಲೇ ಸನ್ನೆ ಹೇಳಿಕೊಡಿ: ಹೆಬ್ಬೆರಳು ಎತ್ತಿದರೆ ಸರಿ ಇದೆ, ಅಂಗೈ ತೋರಿಸಿದರೆ ಈಗಲೇ ತೆಗೆಯಿರಿ.

ಕೊನೆಯ ತುಂಡು ಹಾಕಿ 10 ನಿಮಿಷಕ್ಕೆ ಉಗುರಿನಿಂದ ತಟ್ಟಿ ನೋಡಿ, ಟಕ್ ಟಕ್ ಅಂದರೆ ಆಯಿತು. ಒಳಗಿನಿಂದ ನಗಿ, ಹುಬ್ಬು ಹಾರಿಸಿ, ಕೆನ್ನೆ ಉಬ್ಬಿಸಿ ಅಂತ ಹೇಳಿ. ಅಂಚು ತಾನಾಗಿ ಬಿಡ್ತದೆ. ಆಮೇಲೆ ಮುಂದಕ್ಕೆ ಬಗ್ಗಿ, ಅವರದೇ ಎರಡು ಕೈಯಲ್ಲಿ ಗದ್ದದಿಂದ ಮೇಲಕ್ಕೆ ತೆಗೆಯಲಿ. ಮುಖದ ವ್ಯಾಸಲೀನಿಗೆ ಮೊದಲು ಒಣ ಕಾಗದ, ಆಮೇಲೆ ಕಡ್ಲೆಹಿಟ್ಟು.

ಒಬ್ಬರಿಗೆ 30 ನಿಮಿಷ. ಎಂಟು ಜೋಡಿ, ಎರಡು ಸುತ್ತು, ನಡುವೆ ತೊಳೆಯುವುದು ಎಲ್ಲ ಸೇರಿ ಒಂದೂಮುಕ್ಕಾಲು ತಾಸು. ನಿಮ್ಮ ಆ ಒಂದೇ ಸಿಂಕಿಗೆ ಪ್ಲಾಸ್ಟರ್ ನೀರು ಒಂದು ಹನಿಯೂ ಹೋಗಕೂಡದು. ಅದು ನೀರಿನಡಿಯಲ್ಲೂ ಗಟ್ಟಿಯಾಗುವ ವಸ್ತು, ಪೈಪಿನ ತಿರುವಿನಲ್ಲಿ ಕೂತರೆ ಪ್ಲಂಬರೇ ಗತಿ. ಕೈಯನ್ನು ಬಕೆಟಿನಲ್ಲಿ ತೊಳೆದು, ರಾತ್ರಿ ಇಟ್ಟು, ಮೇಲಿನ ತಿಳಿ ಚೆಲ್ಲಿ, ತಳದ ಗಟ್ಟಿಯನ್ನು ಕಸಕ್ಕೆ ಹಾಕಿ.

ಮನೆಗೆ ಒಯ್ಯುವಾಗ ಒಳಗೆ ಕಾಗದದ ಉಂಡೆ ತುಂಬಿಸಿ, ಇಲ್ಲದಿದ್ದರೆ ಲೋಕಲ್ ರೈಲಿನ ಒತ್ತಡಕ್ಕೆ ಚಪ್ಪಟೆ. ಮನೆಯಲ್ಲಿ ಉಂಡೆ ತೆಗೆದು ಜಾಲರಿಯ ಮೇಲಿಟ್ಟು ಫ್ಯಾನ್ ಹಾಕಲಿ. ಒಣಗಿದೆಯೋ ಇಲ್ಲವೋ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು: ಬೆಳಿಗ್ಗೆ, ಸಂಜೆ ತೂಗಿ, ತೂಕ ಇಳಿಯುವುದು ನಿಂತರೆ ಒಣಗಿತು. ನಿಮ್ಮ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಹತ್ತಿದರೆ ಇನ್ನೂ ನೀರುಂಟು.

ಬಣ್ಣದ ದಿನ ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಕೈ, ಅರ್ಧ ತಾಸು ಬಿಟ್ಟು ಅಕ್ರಿಲಿಕ್. ಕೆಂಪು, ಹಳದಿ, ನೀಲಿ, ಕಪ್ಪು, ಕಾವಿ ತಲಾ 100 ಮಿ.ಲೀ., ಬಿಳಿ 200. ಇಷ್ಟೇ ಕೊಡಿ. 'ಚರ್ಮದ ಬಣ್ಣ' ಅಂತ ಬಾಟಲಿ ಸಿಗ್ತದೆ, ಅದನ್ನು ಮಾತ್ರ ತರಬೇಡಿ. ತನ್ನ ಬಣ್ಣ ಯಾವುದು ಅಂತ ಕಲೆಸಿ ಕಲೆಸಿ ಹುಡುಕುವುದೇ ಅರ್ಧ ಕಮ್ಮಟ. ಕನ್ನಡಿಯನ್ನೂ ದೂರ ಇಡಿ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬರೆಯುವವರಿಗೆ ಕನ್ನಡಿ ಬೇಕು, ಇಲ್ಲಿ ಅದು ಅಡ್ಡ ಬರ್ತದೆ.

ಕಸಬಾ_ಪೇಠದ_ಮಣ್ಣು (ಪುಣೆ)

ಮ್ಯಾಲಿನವರು ಹೇಳಿದ್ದು ಖರೇನ ಐತಿ. ಆದ್ರ ನನ್ನ ಓಟು ಮಣ್ಣಿಗೆ. ಮುಖವಾಡದಾಗ ಒಂದು ತೊಂದ್ರಿ ನೋಡ್ರಿ: ಛಂದ ಆಗಬೇಕು ಅನ್ನೋ ಆಸೆ ಹುಟ್ಟತೈತಿ. ಬಣ್ಣದ ಬಾಟಲಿ ಕಂಡ ಕೂಡಲೆ ಮಂದಿ ಬಾಜೂದವರದು ನೋಡಾಕ ಸುರು ಮಾಡ್ತಾರ, ಆಮ್ಯಾಲ ಮೊಬೈಲ್ ಹೊರಗ ಬರತಾವ. ಕಣ್ಣ ಮುಚ್ಚಿ ಮಣ್ಣ ಒತ್ತಿದ್ರ ಛಂದ, ಕೆಟ್ಟ ಅನ್ನೋದ ಬರಂಗಿಲ್ಲ. ಕೈ ಏನ ಮಾಡತೈತಿ ಅಂಬೋದಷ್ಟ ಉಳೀತೈತಿ.

ಜುಲೈ ಅಂದ್ರ ಗಣಪತಿ ಮಾಡೋ ಸೀಜನ್. ಮುಂಬೈ, ಪುಣೆ, ರಾಯಗಡದ ಪೇಣ, ಎಲ್ಲಾ ಕಡೆ ಮೂರ್ತಿ ಕಾರಖಾನಿಯೊಳಗ ಶಾಡು ಅನ್ನೋ ಜೇಡಿಮಣ್ಣು ಇರತೈತಿ. ಹದಾ ಮಾಡಿದ್ದನ್ನ ಕೇಳಿ ತೊಗೊಳ್ರಿ. ಪುಡಿ ತಂದ್ರ ಹಿಂದಿನ ರಾತ್ರಿ ನೀರಾಗ ನೆನಿಸಿ, ಬೆಳಿಗ್ಗೆ ಮ್ಯಾಲಿನ ನೀರು ಬಸದು, ಬಟ್ಟಿ ಮ್ಯಾಲ ಹರವಿ, ನಾದಬೇಕು. ಒಣಾ ಪುಡಿ ರೂಮಿನಾಗ ಜರಡಿ ಹಿಡೀಬ್ಯಾಡ್ರಿ, ಆ ಧೂಳು ಎದಿಗೆ ಛಲೋ ಅಲ್ಲ. ಮುಗದ ಮ್ಯಾಲ ನೆಲಾನೂ ಕಸಬರಿಗೀಲೆ ಹೊಡೀಬಾರದು, ಹಸಿ ಅರಬೀಲೆ ಒರಸ್ರಿ.

ಒಬ್ಬೊಬ್ಬರಿಗೆ 700 ಗ್ರಾಂ, ಅಂದ್ರ ದೊಡ್ಡ ಮೋಸಂಬಿಯಷ್ಟು ಉಂಡಿ. 16 ಮಂದಿಗೆ 13 ಕಿಲೋ ತಂದ್ರ ಸಾಕು. ಹದಾ ನೋಡೋದು ಹಿಂಗ: ಬೆರಳ ದಪ್ಪ ಸುರುಳಿ ಮಾಡಿ ತೋರಬೆರಳಿಗೆ ಸುತ್ತರಿ. ಬಿರುಕು ಬಿಟ್ರ ಒಣಗೇತಿ, ಕೈಗೆ ಅಂಟಿದ್ರ ನೀರ ಹೆಚ್ಚಾಗೇತಿ. ಟೇಬಲ್ ಮ್ಯಾಲ ಗೋಣಿತಟ್ಟು ಹಾಸ್ರಿ, ಮಣ್ಣು ಹತ್ತಂಗಿಲ್ಲ. ಬಳಿ, ಉಂಗುರ ತೆಗಸ್ರಿ. ಫ್ಯಾನ್ ಬಂದ್ ಇರ್ಲಿ, ಇಲ್ಲಂದ್ರ ಬಟ್ಟಲದ ಕಂಠ ಮೊದಲ ಒಣಗಿ ಸೀಳತೈತಿ.

ಮೊದಲ 10 ನಿಮಿಷ ಕಣ್ಣು ಮುಚ್ಚಿ, ಏನೂ ಮಾಡೋ ಹಟ ಇಲ್ಲದ ಬರೇ ಹಿಚಕೋದು. ಆಮ್ಯಾಲ ಕಣ್ಣು ಮುಚ್ಚೇ ಒಂದು ಬಟ್ಟಲ: ಎಡಗೈಯಾಗ ಉಂಡಿ ಹಿಡಕೊಂಡು, ಬಲ ಹೆಬ್ಬೆಟ್ಟು ನಡುವ ಇಳಿಸಿ, ತಳದಾಗ ಒಂದು ಸೆಂ.ಮೀ. ಬಿಟ್ಟು, ತಿರುಗಿಸಿಕೋತ ಒತ್ತೋದು. ಗ್ವಾಡಿ 8 ಮಿ.ಮೀ. ಆಗೂತನಾ. 25 ನಿಮಿಷ. ಹೊಸಬರು ಮಾಡೋ ತಪ್ಪು ಒಂದ: ನೀರು. ಬಿರುಕು ಕಂಡ ಕೂಡಲೆ ನೀರ ಹಚ್ಚತಾರ, ಮ್ಯಾಲ ಕೆಸರಾಗತೈತಿ, ಗ್ವಾಡಿ ಕುಸೀತೈತಿ, ಮತ್ತ ನೀರ. ಅದಕ್ಕ ಟೇಬಲ್ ಮ್ಯಾಲ ನೀರಿನ ಬಟ್ಟಲ ಇಡಬ್ಯಾಡ್ರಿ. ತಲಾ ಒಂದು ಹಸಿ ಸ್ಪಂಜು, ಮುಗೀತು. ಯಾರು ಬಿರುಕನ್ನ ಬಿಟ್ಟು ಮುಂದ ಹೋಗ್ತಾರ, ಯಾರು ಅದನ್ನ ತಿದ್ದಕೋತ ಕೂಡತಾರ ಅನ್ನೋದು ಅವರವರಿಗೇ ಗೊತ್ತಾಗತೈತಿ, ಹೇಳೋದ ಬ್ಯಾಡ.

ಧೈರ್ಯ ಇದ್ರ ಇನ್ನೊಂದು ಐತಿ. ಬಟ್ಟಲ ಮುಗದ ಮ್ಯಾಲ ಎಡಕ್ಕ ಕೂತವರಿಗೆ ಕೊಡ್ರಿ, ಅವರು ಒಂದ ಒಂದು ಬದಲಾವಣಿ ಮಾಡಿ ವಾಪಸ್ ಕೊಡ್ಲಿ. ನನ್ನ ವಸ್ತು ಇನ್ನೊಬ್ಬರ ಕೈಯಾಗ ಹೋದಾಗ ಹೊಟ್ಟ್ಯಾಗ ಏನಾಗತೈತಿ ಅನ್ನೋದು ಅಲ್ಲಿ ಸಿಗತೈತಿ. ಆದ್ರ ಅತ್ತಿ ಸೊಸಿ ಬಾಜೂ ಬಾಜೂ ಕೂತಿದ್ರ ಈ ಆಟ ಬ್ಯಾಡ್ರಿ!

ವಯಸ್ಸಾದವರ ಬೆರಳ ಸಂದಿ ನೋವಿದ್ರ ಅವರ ಮಣ್ಣು ಇನ್ನೊಂದಿಷ್ಟು ಮೆತ್ತಗ ಇರ್ಲಿ, ಸ್ಪಂಜು ಬೆಚ್ಚನ ನೀರಾಗ ಅದ್ದಿ ಕೊಡ್ರಿ.

ಸುಟ್ಟು ಕೊಡ್ತೀವಿ ಅಂತ ಮಾತ್ರ ಒಪ್ಪಕೋಬ್ಯಾಡ್ರಿ. ಧಾರಾವಿಯ ಕುಂಭಾರವಾಡಾದಾಗ ಭಟ್ಟಿ ಅದಾವ, ಆದ್ರ ಅವರ ಮಣ್ಣ ಬ್ಯಾರೆ, ನಿಮ್ಮ ಶಾಡು ಬ್ಯಾರೆ. ಅರ್ಧಾ ಒಣಗಿದ್ದನ್ನ ಭಟ್ಟಿಗೆ ಇಟ್ರ ಒಳಗಿನ ನೀರು 100 ಡಿಗ್ರಿ ದಾಟಿದ ಕೂಡಲೆ ಉಗಿ ಆಗಿ ಒಡೀತೈತಿ, ಬಾಜೂಕಿದ್ದ ಅವರ ಗಡಿಗೀನೂ ಹಾಳ. ಮಳಿಗಾಲದಾಗ ಪೂರಾ ಒಣಗಾಕ ಎರಡು ಮೂರು ವಾರ ಬೇಕು. ಶಾಡು ಬಕೆಟ್ ನೀರಾಗ ಹಾಕಿದ್ರ ಕರಗಿ ಹೋಗತೈತಿ. ಮಾಡಿದ್ದನ್ನ ಅವರ ಕೈಲೇ ನೀರಿಗೆ ಬಿಡಸ್ರಿ. ಗಣಪತಿ ಬಿಡೋ ಊರಿನ ಮಂದಿಗೆ ಅದನ್ನ ಬಿಡಿಸಿ ಹೇಳೋದು ಬೇಕಾಗಿಲ್ಲ.

ಒಳಗಿವಿ (ಪಣಜಿ)

ವಸ್ತುವಿನ ಕಡೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಮಾತಿನ ಭಾಗಕ್ಕೆ ಬರುತ್ತೇನೆ, ಏಕೆಂದರೆ ಇಂಥ ಕಮ್ಮಟಗಳು ಹೆಚ್ಚಾಗಿ ಕೆಡುವುದು ಅಲ್ಲೇ.

ನಡೆಸುವವರು ಕೇಳುವ ಪ್ರಶ್ನೆ ಕೈಯ ಬಗ್ಗೆ ಇರಬೇಕು, ಅರ್ಥದ ಬಗ್ಗೆ ಬೇಡ. 'ಈ ಕಪ್ಪು ಬಣ್ಣ ಏನನ್ನು ಸೂಚಿಸುತ್ತದೆ?' ಎಂದು ಕೇಳಿದರೆ ಎದುರಿನವರು ಪರೀಕ್ಷೆಗೆ ಕೂತಂತೆ ಒಂದು ಚೆಂದದ ಉತ್ತರ ಹೊಸೆದು ಕೊಡುತ್ತಾರೆ. 'ಮೊದಲು ಯಾವ ಬಣ್ಣಕ್ಕೆ ಕೈ ಹೋಯಿತು? ಎಲ್ಲಿ ತಡೆದಿರಿ? ಯಾವುದನ್ನು ಹಚ್ಚಿ ಅಳಿಸಿದಿರಿ? ಪಕ್ಕದವರದನ್ನು ಯಾವಾಗ ನೋಡಿದಿರಿ? ಸಾಕು ಎಂದು ಹೇಗೆ ಗೊತ್ತಾಯಿತು?' ಈ ಐದು ಸಾಕು. ಇವಕ್ಕೆ ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಆಗಷ್ಟೇ ನಡೆದದ್ದು. ಮೂರು ಕಡೆ ಅಳಿಸಿದವರಿಗೆ ತಾವು ಅಳಿಸುವವರು ಎಂದು ಕಂಡುಬಿಡುತ್ತದೆ. ಅದರಿಂದ ಮುಂದಕ್ಕೆ ಏನು ಯೋಚಿಸಬೇಕು ಎನ್ನುವುದು ಅವರಿಗೆ ಬಿಟ್ಟದ್ದು. ಕಪ್ಪು ಎಂದರೆ ದುಃಖ, ಕೆಂಪು ಎಂದರೆ ಕೋಪ ಎಂಬ ಪಟ್ಟಿಗಳು ಬೇಕಾದಷ್ಟು ಓಡಾಡುತ್ತವೆ, ಅವನ್ನು ಹೊರಗೇ ಬಿಟ್ಟು ಬನ್ನಿ. ಚಂದ್ರಕಾಳಿ ಸೀರೆ ಇಷ್ಟಪಡುವವರಿಗೆ ಕಪ್ಪು ಹಬ್ಬದ ಬಣ್ಣ.

ಸೂಚನೆಯನ್ನು ಅಮೂರ್ತವಾಗಿ ಕೊಡಬೇಡಿ. 'ನಿಮ್ಮ ನಿಜವಾದ ಸ್ವರೂಪ' ಎಂದರೆ ಎಲ್ಲರೂ ಹೂವು, ಸೂರ್ಯ, ಅರ್ಧ ಬಿಳಿ ಅರ್ಧ ಕಪ್ಪು ಬರೆಯುತ್ತಾರೆ. 'ಬೆಳಿಗ್ಗೆ 8ರ ಲೋಕಲಿನಲ್ಲಿ ನಿಂತಾಗಿನ ಮುಖ', 'ಊರಿನಿಂದ ಫೋನ್ ಬಂದಾಗ ಹಾಕಿಕೊಳ್ಳುವ ಮುಖ', 'ಸಂಘದ ವೇದಿಕೆ ಹತ್ತಿದಾಗಿನ ಮುಖ', ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಗೆ ಬರೆಯಲಿ. ಅದೇ ಹೊತ್ತಿನಲ್ಲಿ ಮುಖದ ಹಿಂದೆ ಏನು ನಡೆಯುತ್ತಿರುತ್ತದೆ ಎನ್ನುವುದು ಒಳಭಾಗಕ್ಕೆ. ಬಾಲ್ಯದ ನೋವು, ಅಗಲಿದವರು, ಮದುವೆ, ಇವನ್ನು ಸೂಚನೆಯಲ್ಲಿ ತರಬೇಡಿ. ತಾವಾಗಿ ಬಂದರೆ ಬರಲಿ.

ಮುಖವಾಡಕ್ಕೆ ಮಣ್ಣಿಗಿಲ್ಲದ ಒಂದು ಗುಣವಿದೆ. ನಾವು ದಿನಾ ನೋಡುವ ನಮ್ಮ ಮುಖ ಕನ್ನಡಿಯಲ್ಲಿ ಎಡಬಲ ತಿರುವಾದದ್ದು. ಎರಕ ಇತರರು ಕಾಣುವ ಮುಖವನ್ನೇ ಕೊಡುತ್ತದೆ. ಓರೆಯಾದ ದವಡೆ, ಒಂದು ಕಡೆ ಇಳಿದ ತುಟಿ ಹೊಸದಾಗಿ ಕಾಣುತ್ತವೆ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ತಮ್ಮ ಹೆಸರುಗಳನ್ನೇ ಕೂಡಿಸಿ 'ಜೋಹರಿ ಕಿಟಕಿ' ಎಂಬ ನಾಲ್ಕು ಚೌಕದ ನಕ್ಷೆ ಕೊಟ್ಟರು: ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಕಾಣುವುದು, ಯಾರಿಗೂ ಗೊತ್ತಿಲ್ಲದ್ದು. ಮುಖವಾಡದ ಹೊರಗು ಒಳಗು ಮೊದಲ ಎರಡನ್ನು ತುಂಬುತ್ತವೆ. ಮೂರನೆಯದರ ಒಂದು ಸಣ್ಣ ರುಚಿ ಆ ಬಿಳಿ ಎರಕದಲ್ಲಿ ಸಿಗುತ್ತದೆ. ಆದ್ದರಿಂದ ಎರಡನೇ ಭಾನುವಾರ ಬಣ್ಣದ ಬಾಟಲಿ ತೆರೆಯುವ ಮುಂಚೆ ಐದು ನಿಮಿಷ ಸುಮ್ಮನೆ ಎರಕವನ್ನು ಕೈಯಲ್ಲಿ ಹಿಡಿದು ನೋಡಲಿ. ಕಣ್ಣಿಲ್ಲದ ಬಿಳಿ ಮುಖ ಕೆಲವರಿಗೆ ಶವದ ನೆನಪು ತರುತ್ತದೆ, ಇದನ್ನು ಮೊದಲೇ ಹೇಳಿಡಿ. ಬೇಡವೆನಿಸಿದವರು ಕೂಡಲೇ ಕಾವಿ ಬಳಿದುಕೊಳ್ಳಲಿ.

ಹಂಚಿಕೊಳ್ಳುವ ಸುತ್ತು. ಹದಿನಾರೂ ಜನ ಒಂದೇ ವೃತ್ತದಲ್ಲಿ ಕೂತರೆ ತಲಾ ಐದು ನಿಮಿಷಕ್ಕೇ 80 ನಿಮಿಷ ಬೇಕು, ಎಂಟನೆಯವರ ಹೊತ್ತಿಗೆ ಚಹಾದ ಕಡೆ ಗಮನ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಐದೈದು ನಿಮಿಷ, ಮೊಬೈಲಿನಲ್ಲಿ ಗಂಟೆ ಇಡಿ. ನೆಂಟರು ಒಂದೇ ಗುಂಪಿನಲ್ಲಿ ಬೇಡ. 'ನಾನು ಮಾತಾಡುವುದಿಲ್ಲ' ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂದು ಆರಂಭದಲ್ಲೇ ಹೇಳಿ, ನಡೆಸುವವರೇ ಒಮ್ಮೆ ಆ ಹಕ್ಕು ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು. ಕೇಳುವವರು ಸಲಹೆ ಕೊಡುವ ಹಾಗಿಲ್ಲ, 'ನನಗೂ ಹೀಗೇ ಆಗಿತ್ತು' ಎನ್ನುವ ಹಾಗೂ ಇಲ್ಲ. ಹೊರಭಾಗವನ್ನು ಎಲ್ಲರಿಗೂ ತೋರಿಸಬಹುದು. ಒಳಭಾಗ ಮಾಡಿದವರ ಸ್ವತ್ತು: ಫೋಟೋ ಇಲ್ಲ, ಪ್ರದರ್ಶನ ಇಲ್ಲ, ಕಾಗದದಲ್ಲಿ ಸುತ್ತಿ ಮನೆಗೆ. ವಾರ್ಷಿಕೋತ್ಸವದಲ್ಲಿ ಸಾಲಾಗಿ ತೂಗುಹಾಕುವ ಆಲೋಚನೆ ಸಮಿತಿಯಿಂದ ಖಂಡಿತ ಬರುತ್ತದೆ. ಈಗಲೇ ಬೇಡವೆನ್ನಿ. ಪ್ರದರ್ಶನ ಇದೆ ಎಂದು ಗೊತ್ತಾದ ಗಳಿಗೆಯಿಂದ ಒಳಭಾಗವೂ ಹೊರಭಾಗವೇ ಆಗಿಬಿಡುತ್ತದೆ.

ಒಳಗೆ ಬರೆಯುವವರು ಯಾವ ಭಾಷೆಯಲ್ಲಾದರೂ ಬರೆಯಲಿ. ಮುಂಬಯಿಯ ಕನ್ನಡ ಬಳಗ ಎಂದರೆ ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಬಿಜಾಪುರದ ಕನ್ನಡ, ಸೊಸೆಯಂದಿರ ಮರಾಠಿ ಎಲ್ಲವೂ ಇರುತ್ತದೆ. ಇಲ್ಲೇ ಓದಿದವರು ಕನ್ನಡವನ್ನು ದೇವನಾಗರಿಯಲ್ಲಿ ಬರೆದರೂ ತಿದ್ದಬೇಡಿ.

ಇದು ಚಿಕಿತ್ಸೆಯಲ್ಲ ಎಂದು ಆಹ್ವಾನದಲ್ಲೇ ಒಂದು ಸಾಲು ಹಾಕಿ. 2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ 45 ನಿಮಿಷ ಬಣ್ಣ, ಮಣ್ಣು, ಕೊಲಾಜ್ ಕೊಟ್ಟು ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಾಗ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು, ಚಿತ್ರ ಬರೆದು ಅಭ್ಯಾಸ ಇಲ್ಲದವರಲ್ಲೂ. ಆದರೆ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಸಂಖ್ಯೆಯೂ ಸಣ್ಣದು. ಇದನ್ನು ಹಿಡಿದುಕೊಂಡು 'ಮಾನಸಿಕ ಒತ್ತಡ ನಿವಾರಣೆ ಖಚಿತ' ಎಂದು ಪೋಸ್ಟರ್ ಮಾಡಬೇಡಿ. ಯಾರಾದರೂ ಅತ್ತರೆ ಮೈ ಮೇಲೆ ಬೀಳದೆ, 'ಇಲ್ಲೇ ಇರುತ್ತೀರಾ, ಹೊರಗೆ ಕೂರೋಣವಾ?' ಎಂದು ಕೇಳಿ, ಜೊತೆಗೆ ಹೋಗಲು ಒಬ್ಬರನ್ನು ಮೊದಲೇ ನೇಮಿಸಿಡಿ. ಅದು ಆ ದಿನಕ್ಕೆ ಮುಗಿಯುವಂಥದ್ದಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಡಿ.

ಡೊಂಬಿವಲಿ_ಬಳಗ

ಮೂವರಿಗೂ ಧನ್ಯವಾದ. ಎರಡು ಭಾನುವಾರ ಎಂದು ನಿರ್ಧಾರ ಆಯಿತು. ಮೊದಲ ಭಾನುವಾರ ಎರಕದ ಮುಂಚೆ ಹತ್ತು ನಿಮಿಷ ಕಣ್ಣು ಮುಚ್ಚಿ ಮಣ್ಣು ಹಿಚುಕುವುದನ್ನೂ ಸೇರಿಸಿಕೊಳ್ಳುತ್ತೇವೆ. ಪ್ರದರ್ಶನದ ಮಾತು ಸಮಿತಿಯಲ್ಲಿ ಆಗಲೇ ಬಂದಿದೆ!

ಒಂದು ಸಂಶಯ ಉಳಿದಿದೆ. ಇಬ್ಬರಿಗೆ ಅಸ್ತಮಾ ಇದೆ, ಇನ್ನೊಬ್ಬರು ಮುಖ ಮುಟ್ಟಿಸಿಕೊಳ್ಳಲು ಒಪ್ಪುತ್ತಿಲ್ಲ. ಅವರಿಗೆ ರೆಡಿಮೇಡ್ ಮುಖವಾಡ ತಂದುಕೊಟ್ಟರೆ ನಡೆಯುತ್ತದೆಯೇ?

ಬಣ್ಣದ_ವೇಷ (ಕಾಂದಿವಲಿ)

ರೆಡಿಮೇಡ್ ಬೇಡ, ಅದರಲ್ಲಿ ಅವರದ್ದು ಅಂತ ಏನೂ ಇಲ್ಲ. ಕೈಯ ಎರಕ ಮಾಡಿಸಿ. ಎಡಗೈಯನ್ನು ಟವೆಲ್ ಉಂಡೆಯ ಮೇಲೆ ಸಹಜವಾಗಿ ಬಾಗಿಸಿ ಇಟ್ಟು, ಹಿಂಗೈ ಮತ್ತು ಬೆರಳುಗಳ ಮೇಲ್ಭಾಗಕ್ಕೆ ಮಾತ್ರ ಅದೇ ಮೂರು ಪದರ. ಬದಿಯಲ್ಲಿ ಅರ್ಧಕ್ಕೆ ನಿಲ್ಲಿಸಿ. ಬೆರಳಿನ ಸುತ್ತ ಪೂರ್ತಿ ಸುತ್ತಿದರೆ ಗಟ್ಟಿಯಾದ ಮೇಲೆ ಕೈ ಹೊರಗೆ ಬರುವುದಿಲ್ಲ, ಕತ್ತರಿಸಬೇಕಾದೀತು. ಮಣಿಕಟ್ಟಿನ ಕೂದಲಿಗೆ ವ್ಯಾಸಲೀನ್ ಮರೆಯಬೇಡಿ. ಬಲಗೈಯಲ್ಲಿ ಅವರೇ ಹಾಕಿಕೊಳ್ಳಬಹುದು, ಇನ್ನೊಬ್ಬರು ಮುಟ್ಟುವ ಪ್ರಶ್ನೆ ಇಲ್ಲ. ಹೊರಮೈಗೆ 'ಈ ಕೈ ಯಾರಿಗಾಗಿ ಏನು ಮಾಡ್ತದೆ', ಒಳಮೈಗೆ 'ಈ ಕೈಗೆ ಏನು ಮಾಡಬೇಕು ಅಂತ ಉಂಟು'. ಅರ್ಧ ಸುರುಳಿ ಸಾಕು. ಅಸ್ತಮಾದವರಿಗೆ ಧೂಳು ತೊಂದರೆ, ಹಾಗಾಗಿ ಹಿಂದಿನ ದಿನದ ಕತ್ತರಿಸುವ ಕೆಲಸಕ್ಕೆ ಅವರನ್ನು ಕರೆಯಬೇಡಿ. ಆ ದಿನ ಅವರು ಕಿಟಕಿಯ ಹತ್ತಿರ ಕೂರಲಿ, ಅವರ ಪಂಪು ಕೈಗೆ ಎಟಕುವಲ್ಲಿ ಇರಲಿ.

ಮತ್ತೆ ಮೇಲೆ ಬರೆಯುವಾಗ ಒಂದು ಬಿಟ್ಟೆ. ಮುಖವಾಡದ ಒಳಮೈಯಲ್ಲಿ ವ್ಯಾಸಲೀನಿನ ಜಿಡ್ಡು ಉಳಿದಿರ್ತದೆ. ಅದರ ಮೇಲೆ ಫೆವಿಕಾಲೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ, ಹನಿ ಹನಿಯಾಗಿ ಸರಿದು ಹೋಗ್ತದೆ. ಒಣಗಿದ ಮೇಲೆ ಹತ್ತಿಗೆ ಸ್ವಲ್ಪ ವೈಟ್ ಸ್ಪಿರಿಟ್ (ಪೇಂಟ್ ಅಂಗಡಿಯ ಟರ್ಪೆಂಟೈನ್, ಆಸ್ಪತ್ರೆಯ ಸ್ಪಿರಿಟ್ ಅಲ್ಲ) ಹಾಕಿ ಎರಡು ಸಲ ಒರೆಸಿ, ಅದು ಆರಿದ ಮೇಲೆ ಫೆವಿಕಾಲ್.

ಕಸಬಾ_ಪೇಠದ_ಮಣ್ಣು (ಪುಣೆ)

ಸ್ಪಿರಿಟ್ ಒರಸೋ ಮುಂದ ಕಿಡಕಿ ತೆಗದಿರ್ಲಿ, ಹತ್ರ ದೀಪ, ಗ್ಯಾಸ್ ಏನೂ ಬ್ಯಾಡ. ಒಳಗ ಬರಿಯಾಕ ಬಾಲ್‌ಪೆನ್ ಕೊಡಬ್ಯಾಡ್ರಿ, ಪ್ಲಾಸ್ಟರ್ ಪುಡಿ ತುಂಬಿ ಎರಡ ಸಾಲಿಗೆ ನಿಂತ ಬಿಡತೈತಿ. 4ಬಿ ಪೆನ್ಸಿಲ್ ಇಲ್ಲಾ ಪರ್ಮನಂಟ್ ಮಾರ್ಕರ್. ಮಣ್ಣು ಹಿಚಕಿದ ಮ್ಯಾಲ ಎರಕಕ್ಕ ಕೂಡೋದಿದ್ರ ನಡುವ ಕೈ ತೊಳಿಯಾಕ ಇನ್ನೊಂದು ಬಕೆಟ್ ಬೇಕು. ಮಣ್ಣಿನ ಬಕೆಟ್, ಪ್ಲಾಸ್ಟರಿನ ಬಕೆಟ್ ಕೂಡಸಬ್ಯಾಡ್ರಿ. ಪ್ಲಾಸ್ಟರ್ ಚೂರು ಬಿದ್ದ ಮಣ್ಣು ಆಮ್ಯಾಲ ಯಾರಿಗೂ ಉಪಯೋಗಕ್ಕ ಬರಂಗಿಲ್ಲ, ಕಾರಖಾನಿಯವರೂ ವಾಪಸ್ ತೊಗೊಳ್ಳಂಗಿಲ್ಲ.